ನಡುವಿನ ಡಬ್ಬಿ

ಮಳಿ ಕೇಳತೈತಿ, ಕುದರಿ ಕೇಳತೈತಿ,
ಗುಂಡು ಹಾರಿದ್ರ ಗ್ವಾಡಿ ಮ್ಯಾಲಿನ ಗಡಿಯಾರ ನಡಗತೈತಿ,
ಮಂದಿ ಮಾತಾಡೂದು ಅಷ್ಟ ಕೇಳಂಗಿಲ್ಲ,
ಫೋನಿನ್ಯಾಗ ಒದರಿದರು ಬನಹಟ್ಟಿಯ ದಾನಪ್ಪ ಕೊಣ್ಣೂರ.
ಸಿಟ್ಟಿಗಲ್ಲ.
ನಾಲ್ಕು ಪಾವರ್‌ಲೂಮಿನ ನಡುವ ನಿಂತವರು
ಮಾತಾಡೂದs ಹಂಗ.

ಮಹಾಲಿಂಗಪುರದಿಂದ ಹತ್ತರ ಬಸ್ಸು.
ಚೀಲದಾಗ ಸ್ಕ್ರೂಡ್ರೈವರ್, ಟೇಪು, ಎರಡು ಮೊಳ ವಾಯರು.
ಮುಂದಿನ ಪಡಸಾಲ್ಯಾಗ ಮಗ್ಗ, ಖಟಕ್ ಖಟಕ್,
ಹಿಂದಿನ ಖೋಲ್ಯಾಗ ಟೀವಿ,
ಮೂಲಿಗೊಂದರಂಗ ನಾಲ್ಕು ಡಬ್ಬಿ,
ಕಾಟಿನ ಬುಡಕ ಧಮ್ ಧಮ್ ಅನ್ನೂ ದೊಡ್ಡದು.
ಐದನೇದು ಎಲ್ಲಿ ಅಂದೆ.
ಐತಲ್ಲ, ಅಲ್ಲೇ!
ಟೀವಿ ಕೆಳಗ, ಕ್ರೋಶಾದ ಹೊದಿಕಿ ಹೊದ್ದು,
ಹಬ್ಬದ ಕುಂಕುಮದ ಬೊಟ್ಟು ಹಚಗೊಂಡು,
ಮಡಚಿಟ್ಟ ಏಳು ಸೀರಿ ಹಿಂದ ಕುಂತಿತ್ತು.

ಮಾತೆಲ್ಲಾ ಇದರಾಗ ಬರತಾವ್ರಿ ಯಜಮಾನ್ರ.
ಸಿನೆಮಾ ಕಳಸವರು ಮಳಿ ಆ ಕಡಿ, ಗಾಳಿ ಈ ಕಡಿ ಹಂಚಿ
ಮನಶ್ಯಾರ ಮಾತು ಅಷ್ಟ ಈ ಒಂದ ಗಂಟಿನ್ಯಾಗ ಕಟ್ಟತಾರ.
ನೀವು ಗಂಟಿನ ಮುಂದ ಸೀರಿ ಪೇರಿಸೀರಿ.
ಅವರು ತಲಿ ಹಾಕಿದರು:
ಹಾಸು ಐತಿ, ಹೊಕ್ಕಿನ ಎಳಿ ಕಡದೈತಿ, ಹಂಗಾತು.
ಹೂನ್ರಿ, ಹಂಗ.

ಹೊದಿಕಿ ತಗದೆ, ಸೀರಿ ಕಾಟಿನ ಮ್ಯಾಲ ಒಗ್ಯಾಣ ಇಟ್ಟೆ.
ಡಬ್ಬಿಯ ಮಾರಿ ಮಂದಿಯ ಮೊಣಕಾಲು ನೋಡತಿತ್ತು.
ಕಿವಿ ಕಡೆ ಎತ್ತಾಕ ಏನರ ಕೊಡ್ರಿ ಅಂದ್ರ
ಕಸ್ತೂರಕ್ಕ ಸವದ ಲಾಳಿಯೊಂದು ತಂದಳು,
ಆಕಿ ಮಾವ ಕೈಮಗ್ಗದ ಮ್ಯಾಲ ಹೊಡದದ್ದು.
ಬುಡಕ ಇಟ್ಟೆ. ಚಲೋ ಕುಂತಿತು.

ರಿಮೋಟಿನ್ಯಾಗ ನಡುವಿನದು ನಾಲ್ಕು ಏರಿಸಿದೆ,
ಧಮ್ ಧಮ್ ಮೂರು ಇಳಿಸಿದೆ,
ರಾತ್ರಿ ಮೋಡ್ ಅಂತ ಒಂದಿರತೈತಿ, ಅದನ್ನ ಹಚ್ಚಿದೆ,
ದೊಡ್ಡ ಸಪ್ಪಳ ತಲಿ ಬಗ್ಗಿಸಿ ನಡಿಯೂದು,
ಸಣ್ಣದು ತುದಿಗಾಲ ಮ್ಯಾಲ ನಿಂದರೂದು.
ಪರದೆ ಮ್ಯಾಲ ಒಬ್ಬಾಕಿ ಬಾವಿಕಟ್ಟಿಗೆ ಕುಂತು
ನಾನು ಬರುವುದಿಲ್ಲ, ನೀವು ಹೋಗಿ, ಅಂದಳು.
ಅನ್ನೂಕಿಂತ ಮೊದಲಿನ ಉಸುರು ಸೈತ ಕೇಳಿತು.
ದಾನಪ್ಪನವರು ಹಲ್ಲಿನ ಸೆಟ್ಟು ಕಾಣೂ ಹಂಗ ನಕ್ಕರು.

ಕಸ್ತೂರಕ್ಕ ನಗಲಿಲ್ಲ.
ಆಕಿ ಹಂಗ ಅಂದಿಲ್ಲ, ತಮ್ಮಾ.
ಅಂದಳಲ್ಲಕ್ಕಾ, ಕೇಳಲಿಲ್ಲೇನು?
ಕೇಳೂದ್ಯಾಕ, ಬಾಯಿ ಕಾಣತೈತಲ್ಲ.
ಬ್ಯಾರೆ ಏನೋ ಅಂದಳು, ಉದ್ದಂದು.
ಮೂವತ್ತೊಂದು ವರ್ಷ ಮಗ್ಗದ ಸಪ್ಪಳದಾಗ
ತುಟಿ ಓದಿ ಬಾಳೇ ಮಾಡಿದಾಕಿ.
ಸಿನೆಮಾ ತೆಲುಗಿಂದು ಅಕ್ಕಾ,
ಮ್ಯಾಲ ಕನ್ನಡದ ಮಾತು ಹಚ್ಚ್ಯಾರ ಅಂತ ತಿಳಿಸಿ ಹೇಳಿದೆ.
ಹಂಗಾದ್ರ ಆಕಿ ಖರೇ ಅಂದದ್ದು ಯಾವ ಡಬ್ಬ್ಯಾಗ ಐತಿ?
ನಾ ರಿಮೋಟು ನೋಡಿದೆ.

ಅಷ್ಟರಾಗ ಕರೆಂಟ್ ಹೋತು.
ಟೀವಿ ಹೋತು, ಮಗ್ಗ ನಾಲ್ಕೂ ಒಮ್ಮೆಲೇ ನಿಂತವು,
ಓಣಿಗೆ ಓಣೀನs ಬಾಯಿ ಮುಚಗೊಂಡಿತು.
ಪತ್ರಾಸಿನ ಮ್ಯಾಲ ಪಾರಿವಾಳ ಅಡ್ಡಾಡೂದು ಕೇಳಿತು.
ಯಾವ ಅಡ್ಡೀನೂ ಇಲ್ಲದ ಆ ಹೊತ್ತಿನ್ಯಾಗ
ಬಾಗಲದಾಗ ನಿಂತ ಕಸ್ತೂರಕ್ಕ ಗಂಡಗ ಏನೋ ಅಂದಳು,
ತುಟಿ ಅಷ್ಟ. ದನಿ ಇಲ್ಲ.
ಅವರೂ ಅಂದರು, ದನಿ ಇಲ್ಲ.
ಆಕಿ ಹುಬ್ಬು ಏರಿಸಿದಳು.
ಅವರು ನನ್ನ ಕಡೆ ನೋಡಿದರು, ಇಬ್ಬರೂ ನಕ್ಕರು.
ನಡುವ ನಾ ಕುಂತಿದ್ದೆ,
ಸುಲದ ವಾಯರಿನ ತುದಿ ಕೈಯಾಗ ಹಿಡಕೊಂಡು.

ಮುನ್ನೂರು ಅಂದಿದ್ದೆ, ನಾಲ್ಕುನೂರು ಕೊಟ್ಟರು.
ಮ್ಯಾಲ ಎರಡು ಕಟಕ ರೊಟ್ಟಿ, ಶೇಂಗಾ ಚಟ್ನಿ.
ಬಸ್ಸಿನ್ಯಾಗ ಖಿಡಕಿ ಕಡೆ ಕುಂತು
ಕಾಜಿನ್ಯಾಗ ನನ್ನ ತುಟಿ ನೋಡಕೋತ
ಅವರು ಅಂದದ್ದನ್ನ ಅಂದು ನೋಡಿದೆ, ಎರಡು ಸಲ.
ಬಾಜೂಕ ಕುಂತವ,
ಏನ್ರಿ? ಅಂದ.