ಒಂದು ಮನೆಗೆ ಸಾವಿರದ ನಾನೂರ ಹನ್ನೆರಡು

ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ದೋಣಿ ಕಾಯುತ್ತ
ಟ್ಯಾಬಿನ ಗಾಜನ್ನು ವೇಲಿನಲ್ಲಿ ಒರೆಸುತ್ತೇನೆ.
ಉಪ್ಪುಗಾಳಿಗೆ ಬೇಗ ಮಂಕಾಗುತ್ತದೆ.
ತೋಟ ಬೆಂಗ್ರೆಯಲ್ಲಿ ನನ್ನ ಪಾಲಿಗೆ ಬಂದದ್ದು ಎಂಟು ಮನೆ,
ನಾಲ್ಕನೆಯದು ಕಲ್ಯಾಣಿ ಪುತ್ರನ್ ಅವರದು.
ವರ್ಷಕ್ಕೆ ನಾಲ್ಕು ಸಲ, ಅದೇ ಬಾಗಿಲು, ಅದೇ ಪ್ರಶ್ನೆ.

ಮೊದಲ ಸಲ ಕೇಳಿದೆ:
ಕಳೆದ ಏಳು ದಿನಗಳಲ್ಲಿ
ಒಂದು ಗಂಟೆಯಾದರೂ ಕೆಲಸ ಮಾಡಿದ್ದುಂಟಾ?
"ನಾನೆಂತ ಕೆಲಸ ಮಾರಾಯ್ರೆ, ಮನೆಯಲ್ಲೇ ಇರುವುದು,"
ಅಂದರು ಸೊಸೆ ವನಜಾಕ್ಷಿ.
ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ.
ಕಣ್ಣು ನನ್ನ ಮೇಲೆ. ಬೆರಳು ತಾನಾಗಿ
ಸುರುಳಿ ಸುತ್ತಿ, ತಲೆ ಮಡಚಿ, ನೂಲು ಬಿಗಿದು
ಒಂದನ್ನು ಬದಿಗಿಟ್ಟಿತು.
ಅಷ್ಟರಲ್ಲಿ ನಾನು ಒತ್ತಿಯಾಗಿತ್ತು: ತೊಂಬತ್ತೆರಡು.
ಮನೆವಾರ್ತೆ.

"ಇದು ಒಂದು ಮನೆ ಅಲ್ಲ," ಅಂದರು ಆಫೀಸಿನ ಶೆಣೈ ಮಾಸ್ತರು.
"ಇದರ ಬೆನ್ನಿಗೆ ಸಾವಿರದ ನಾನೂರ ಹನ್ನೆರಡು ಮನೆ ನಿಂತಿವೆ,
ನೀವು ಹೋಗದ ಮನೆಗಳು. ಗುಣಕ ಅನ್ನುವುದು ಅದಕ್ಕೆ."
ಆ ರಾತ್ರಿ ನಿದ್ದೆ ಬರಲಿಲ್ಲ.
ನನ್ನ ತೋರುಬೆರಳೊಂದು ತಾಗಿ
ಬಜಾಲಿನಲ್ಲಿ, ಕಾವೂರಿನಲ್ಲಿ, ಉಳ್ಳಾಲದ ಓಣಿಗಳಲ್ಲಿ
ಮೊರಗಳು ಬರಿದಾದವು,
ಬೀಡಿ ಬ್ರಾಂಚಿನ ಮುಂದಿನ ಸಾಲು ಕರಗಿತು.

ಎರಡನೆಯ ಸಲ ಜೂನ್. ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ಒರಗಿ.
ಗಂಡ ತಾರಾನಾಥ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ.
ಕೆಲಸ ಹುಡುಕಿದ್ದೀರಾ?
"ಸಮುದ್ರ ಎಲ್ಲಿಗೆ ಹೋಗಿದೆ, ಹುಡುಕಲಿಕ್ಕೆ?"
ಸಂಬಳ?
"ಪಾಲು. ಬಂಗುಡೆ ಬಿದ್ದರೆ ಉಂಟು.
ಬೀಳದಿದ್ದರೆ ಡೀಸೆಲಿನ ಲೆಕ್ಕ ಮಾತ್ರ."
ಸಂಬಳದ ಚೌಕದಲ್ಲಿ ಪಾಲು ಕೂರುವುದಿಲ್ಲ.
ಮೂರು ಸಲ ಬರೆದು ಮೂರು ಸಲ ಅಳಿಸಿದೆ.
ಅವನು ಬಲೆಯ ತೂತಿನಿಂದ ನನ್ನನ್ನು ನೋಡುತ್ತಿದ್ದ.

ಮೂರನೆಯ ಸಲ ನಾನು ಕಲಿತಿದ್ದೆ.
ಕೆಲಸ ಅಂತ ಕೇಳಲಿಲ್ಲ. "ದಿನಕ್ಕೆ ಎಷ್ಟು ಕಟ್ಟುತ್ತೀರಿ?"
ಪೆಟ್ಟಿಗೆಯಿಂದ ಬ್ರಾಂಚಿನ ಪುಸ್ತಕ ಹೊರಗೆ ಬಂತು.
ದಿನಕ್ಕೆ ಆರುನೂರು, ಎಲ್ಲವೂ ಅತ್ತೆಯ ಹೆಸರಲ್ಲಿ.
ಅತ್ತೆ ಕಿಟಕಿಯ ಹತ್ತಿರ ಕುಳಿತಿದ್ದರು,
ಕಣ್ಣಿಗೆ ಪೊರೆ ಬಂದು ಮೂರು ವರ್ಷ.
ಕಟ್ಟುವುದು ಸೊಸೆ.
ಶಾಲೆಯಿಂದ ಬಂದ ಮೇಲೆ ನೂರು, ಮಗಳು.
"ಅದನ್ನು ಬರೆಯಬೇಡಿ."

ಎಷ್ಟು ಗಂಟೆ?
"ಗಂಟೆಯಾ?" ನಕ್ಕರು. "ಅನ್ನ ಬೇಯುವವರೆಗೆ ಒಂದಿಷ್ಟು.
ನಳ್ಳಿಯಲ್ಲಿ ನೀರು ಬಂದರೆ ಏಳುವುದು.
ಮಧ್ಯಾಹ್ನ ಪೂರ್ತಿ. ಧಾರಾವಾಹಿಗೆ ಕೈ ಬೇಡವಲ್ಲ."
ಕೂಡಿಸಿ, ಕಳೆದು, ಭಾಗಿಸಿದೆ.
ಟ್ಯಾಬು ಕೆಂಪಾಯಿತು:
ಕೂಲಿ ತೀರಾ ಕಡಿಮೆ. ಖಚಿತವೇ?
ಒಳಗೆ ಕುಕ್ಕರ್ ಕೂಗಿತು.
ಖಚಿತ.

ನಾಲ್ಕನೆಯ ಸಲ ಕತ್ತರಿ ನನ್ನ ಕೈಗೆ ಕೊಟ್ಟರು.
"ಸುಮ್ಮನೆ ಕೂರುವ ಬದಲು ಎಲೆ ಕತ್ತರಿಸಿ. ಕೇಳಿ, ಹೇಳುತ್ತೇನೆ."
ಕೇಳಿದ್ದು ಅವರೇ.
"ನಿಮಗೆ ಸಂಬಳವಾ?"
ಅಲ್ಲ, ಮನೆಗೆ ಇಷ್ಟು ಅಂತ.
"ಹಾಗಾದರೆ ನಮ್ಮ ಹಾಗೆಯೇ. ರಿಟರ್ನ್ ಬರುವುದುಂಟಾ?"
ಉಂಟು. ಲೆಕ್ಕ ಹೊಂದದಿದ್ದರೆ ವಾಪಸು, ಮತ್ತೆ ಬರಬೇಕು,
ದೋಣಿಯ ದುಡ್ಡು ನನ್ನದೇ.
"ಕೊಟ್ಟಿದ್ದಾರಾ?"
ಎರಡು ತಿಂಗಳದ್ದು ಬಾಕಿ.
ಅವರು ಮೊರದಿಂದ ತಲೆ ಎತ್ತಲಿಲ್ಲ.
"ಅದನ್ನು ಯಾರು ಬರೆದುಕೊಳ್ಳುತ್ತಾರೆ?"

ಇನ್ನು ಆ ಮನೆ ಪಟ್ಟಿಯಲ್ಲಿಲ್ಲ.
ದೋಣಿಯಲ್ಲಿ ಕುಳಿತು ಕಳುಹಿಸು ಅಂತ ಒತ್ತಿದೆ, ತಾಗಲಿಲ್ಲ.
ಹೊಗೆಸೊಪ್ಪಿನ ಪುಡಿ ಹತ್ತಿದ ಬೆರಳನ್ನು
ಗಾಜು ಗುರುತಿಸುತ್ತಿಲ್ಲ.
ಎದುರಿನ ಬೋಳೂರಿನಲ್ಲಿ ದೀಪ ಹತ್ತಿಕೊಳ್ಳುತ್ತಿದ್ದವು,
ಎಣಿಸಲು ಹೊರಟು ಬಿಟ್ಟೆ.

ಇಪ್ಪತ್ತು ನಿಮಿಷ, ನಾನು ಕತ್ತರಿಸಿದ ಎಲೆ ಸುಮಾರು ಎಂಬತ್ತು.
ಎಲ್ಲೂ ನಮೂದಾಗಿಲ್ಲ.