ಕಿವಿ

ಹನ್ನೊಂದು ವರ್ಷದಿಂದ ನನ್ನ ಕೆಲಸ ಹುಡುಕುವುದು.
ಗುಡಿಯ ಹಿಂದೆ, ತಗಡಿನ ಚಪ್ಪರದಡಿ
ಸಾಲುಸಾಲು ಕರಿಗಲ್ಲು, ಮೈಮೇಲೆ ಸುಣ್ಣದ ಅಂಕಿ.
ಯಾವ ಮೊಣಕಾಲು ಯಾವ ತೊಡೆಗೆ,
ಯಾವ ಬಳ್ಳಿ ಯಾವ ಬಾಗಿಲಿಗೆ,
ಒಂದಕ್ಕೊಂದು ತಾಗಿಸಿ ನೋಡುತ್ತೇನೆ.
ಕೂಡಿದರೆ ಸಣ್ಣದೊಂದು ಸದ್ದು,
ಹಲ್ಲಿಲ್ಲದ ಮುದುಕಿ ಬಾಯಿ ಮುಚ್ಚಿದ ಹಾಗೆ.

ಕೂಡುವುದು ವರ್ಷಕ್ಕೆ ನಾಲ್ಕೋ ಐದೋ.
ಕೂಡದಲ್ಲಿಗೆ ಹೊಸ ಕಲ್ಲು, ಕೆತ್ತನೆಯಿಲ್ಲದ ಬೋಳು,
ನಡುವೆ ಸೀಸದ ಒಂದು ಚುಕ್ಕೆ:
ಇದು ಹಳೆಯದಲ್ಲ, ಮೋಸಹೋಗಬೇಡಿ.
ಕಲ್ಲಿಗೂ ಪ್ರಾಮಾಣಿಕತೆ ಬೇಕಂತೆ,
ನಿಯಮದ ಹಾಳೆ ಗೋಡೆಯಲ್ಲಿ ತೂಗುತ್ತದೆ.

ಏಳಕ್ಕೆ ಯೂ ಪೊನಿರಾ ಬರುತ್ತಾಳೆ. ಯೂ ಅಂದರೆ ಅಕ್ಕ.
ಬಾತಿಕ್ ಬಟ್ಟೆಯಲ್ಲಿ ಬೆನ್ನಿಗೆ ಬಿಗಿದ ಬುಟ್ಟಿ,
ಬುಟ್ಟಿಯಲ್ಲಿ ಆರು ಸೀಸೆ, ಬಾಳೆಲೆಯ ಬಿರಡೆ.
ಅರಿಶಿನ ಹುಣಸೆಯದೊಂದು, ಅಕ್ಕಿ ಕಚ್ಚೂರದ್ದೊಂದು,
ಅಮೃತಬಳ್ಳಿಯ ದಾಯಾದಿಯದು ಒಂದು, ಬರೀ ಕಹಿ.
ಮುಖ ನೋಡಿ ಚಿಪ್ಪಿಗೆ ಸುರಿಯುತ್ತಾಳೆ, ಕೇಳುವುದಿಲ್ಲ.
ಪೊನ್ ದಿನ ಹುಟ್ಟಿದ್ದಕ್ಕೆ ಪೊನಿರಾ.
ಏಳು ದಿನದ ವಾರ ನಮಗೆ ಕಚೇರಿಗೆ,
ಐದು ದಿನದ ವಾರ ಸಂತೆಗೆ, ಹೆಸರಿಗೆ, ಸಾವಿಗೆ.

ಅವಳು ಬರುವುದು ಸಕ್ಕರೆ ಕಾರ್ಖಾನೆಯ ಒಳದಾರಿಯಲ್ಲಿ.
ಅಲ್ಲಿ ಡಚ್ಚರ ಕಾಲದ ಮ್ಯಾನೇಜರನ ಬಂಗಲೆ,
ಎಂಟು ಬಿಳಿ ಕಂಬ, ಹೂವಿನ ಹೆಂಚು ಹಾಸಿದ ನೆಲ.
ಈಗ ಮದುವೆಗೆ ಬಾಡಿಗೆ ಕೊಡುತ್ತಾರೆ.
ಭಾನುವಾರದ ಪ್ಲಾಸ್ಟಿಕ್ ಮಲ್ಲಿಗೆ
ಬುಧವಾರವೂ ಕಂಬ ಸುತ್ತಿಕೊಂಡಿರುತ್ತದೆ.
ಆ ನೆಲವನ್ನು ಅವಳ ಮುತ್ತಜ್ಜಿ
ಮಂಡಿಯೂರಿ, ಹಿಂದಕ್ಕೆ ಸರಿಯುತ್ತ ಒರೆಸಿದವಳು.
ತಳಪಾಯಕ್ಕೆ ಗುಡಿಯಿಂದ ಏಳು ಬಂಡಿ ಕಲ್ಲು ಹೋಯಿತಂತೆ.
ಬಂಡಿಯಿಂದ ಉದುರಿದ್ದು ಊರಿನ ಪಾಲು.

ದಕ್ಷಿಣದ ಗೋಡೆಯಲ್ಲಿ ಒಬ್ಬಳಿದ್ದಾಳೆ,
ಕೈಯಲ್ಲಿ ತಾವರೆ, ತುಟಿಯಲ್ಲಿ ಅರೆನಗು.
ಎಡಗಿವಿ ಇಲ್ಲ.
ಒಂದು ಗೇಣು, ಮೇಲೆ ನಾಲ್ಕು ಬೆರಳು.
ಆ ಖಾಲಿಯನ್ನು ನನ್ನ ಹೆಂಡತಿಯ ಮುಖಕ್ಕಿಂತ ಹೆಚ್ಚು ನೋಡಿದ್ದೇನೆ.
ಅವಳೇ ಹಾಗೆಂದದ್ದು.

ಒಂದು ವಾಗೆ ದಿನ, ಕುಡಿದ ಸಾಲ ತೀರಿಸಲು ಹೋದೆ,
ಹದಿನೇಳು ಸಾವಿರ ರುಪಿಯಾ.
ಹಿತ್ತಲಲ್ಲಿ ಮೊಮ್ಮಗನ ಕೆಂಪು ಚಡ್ಡಿ, ಬಿಳಿ ಅಂಗಿ ಒಗೆಯುತ್ತಿದ್ದಳು.
ಪಾಚಿ ಕೆರೆಯೋಣವೆಂದು ಒಗೆಯುವ ಕಲ್ಲನ್ನು ಎಬ್ಬಿಸಿದಳು,
ನಾನೊಂದು ಕೈ ಕೊಟ್ಟೆ.
ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯಿತು.
ಓಲೆ. ಓಲೆಯ ಮೇಲೆ ಜಾರಿದ ಒಂದು ಗುಂಗುರು.
ಸುಳಿಯಲ್ಲಿ ಸಾಬೂನಿನ ನೊರೆ, ಒಂದು ಎರೆಹುಳು.

"ನಮ್ಮ ಮುತ್ತಜ್ಜಿ ಗಂಡನ ದೂರನ್ನೆಲ್ಲ
ಇದರ ಹತ್ತಿರವೇ ಹೇಳಿಕೊಳ್ಳುತ್ತಿದ್ದಳು.
ಅಮ್ಮನೂ ಹೇಳಿದಳು. ನಾನೂ ಏನೇನೋ.
ಒಂದು ಮಾತೂ ಹೊರಗೆ ಬಿಟ್ಟಿಲ್ಲ, ಪಾಪ."
ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು,
ಚಿಪ್ಪಿಗೆ ಸುರಿಯುವ ಮುನ್ನ ನೋಡುವ ಹಾಗೆ.

ಜೇಬಿನಲ್ಲಿ ಸುಣ್ಣದ ಕಡ್ಡಿ ಇತ್ತು.
ಅಂಕಿಯೂ ನಾಲಗೆಯ ತುದಿಗೆ ಬಂದಿತ್ತು.
ಪಕ್ಕದ ಮನೆಯ ಕೋಳಿಯೊಂದು ಬೇಲಿ ನುಸುಳಿ ಬಂತು,
ಎರೆಹುಳುವನ್ನು ಕಿವಿಯಿಂದ ಎಳೆದು ತಿಂದಿತು.
ಕಲ್ಲನ್ನು ಮಗುಚಿದೆ. ಮೊದಲಿದ್ದ ಹಾಗೆಯೇ, ಕಿವಿ ಮಣ್ಣಿಗೆ.
"ಸ್ವಲ್ಪ ಅಲ್ಲಾಡುತ್ತದೆ, ಯೂ, ಒಂದು ಚಕ್ಕೆ ಕೊಡಿ" ಎಂದೆ.

ಮುಂದಿನ ತಿಂಗಳು ಮೇಲಿನವರು ಹೇಳಿದರು,
ಸಾಕು, ಆ ಜಾಗಕ್ಕೆ ಹೊಸತು ಹಾಕಿ.
ತೂತು ಕೊರೆದವನು ನಾನು, ಸೀಸ ಕಾಸಿ ಹೊಯ್ದವನೂ ನಾನೇ.
ಅಷ್ಟು ದುಂಡಗಿನ ಚುಕ್ಕೆ ಇಡೀ ಗುಡಿಯಲ್ಲಿಲ್ಲ.
ಪ್ರವಾಸಿಗರಿಗೆ ಗೈಡು ಬೆರಳಿಟ್ಟು ತೋರಿಸುತ್ತಾನೆ:
ಇದು ಕಳೆದುಹೋದದ್ದು, ಸಿಗಲೇ ಇಲ್ಲ.
ನಾನು ಕಲ್ಲಿನ ಸಾಲಿನಿಂದ ತಲೆ ಎತ್ತುವುದಿಲ್ಲ.

ಸೀಸ ಆರಿದ ಬೆಳಿಗ್ಗೆ ಪೊನಿರಾ ಬಂದಳು,
ಗೋಡೆ ನೋಡಿದಳು, ಬುಟ್ಟಿ ಇಳಿಸಿದಳು.
ಕಹಿಯದೇ ಸುರಿದಳು. ಕುಡಿದೆ. ಇನ್ನೊಂದು ಚಿಪ್ಪು ಸುರಿದಳು.
ಎರಡಕ್ಕೂ ದುಡ್ಡು ಎಣಿಸಿಕೊಂಡಳು.