ಮೂರು ಚುಕ್ಕಿ, ಐದು ಚುಕ್ಕಿ

ಭಾನುವಾರ. ಕಾವೇರಿ ನೀರು ಬರುವ ದಿನವಲ್ಲ,
ಆದರೂ ಒಂದು ಬಕೆಟ್ಟು ಕದ್ದಿಟ್ಟುಕೊಂಡಿದ್ದೇನೆ.
ಚಾಮರಾಜಪೇಟೆಯ ಈ ವಠಾರದಲ್ಲಿ
ಮೆಟ್ಟಿಲ ಕೆಳಗಿನ ಜಾಗ, ಚಪ್ಪಲಿಗಳನ್ನು ಆಚೆ ಸರಿಸಿದರೆ, ನನ್ನದು.
ಪೇಪರು ಹಾಸಿ ಯೆಜ್ಡಿಯ ಎರಡು ಕವರು ಮಲಗಿಸಿದೆ,
ಎಡದ್ದು ಕ್ಲಚ್ಚಿನದು, ಬಲದ್ದು ಡೈನಮೋದು.
ಸ್ಕ್ರೂಗಳು ಹಾರ್ಲಿಕ್ಸ್ ಬಾಟಲಿಯ ಮುಚ್ಚಳದಲ್ಲಿ.

ಮೊದಲು ಸೀಮೆಎಣ್ಣೆ, ಸವೆದ ಹಲ್ಲಿನ ಬ್ರಷ್ಷು.
ಅಂಚಿನ ಸಂದಿಯಿಂದ ಮಣ್ಣು
ಬೆಲ್ಲದ ಪಾಕದಂತೆ ಎದ್ದು ಬರುತ್ತದೆ.
ಯಾವ ರಸ್ತೆಯದೋ.
ಕನಕಪುರ ರಸ್ತೆ ಇನ್ನೂ ಮಣ್ಣಾಗಿದ್ದ ಕಾಲದ್ದೂ ಇರಬಹುದು.

ಆಮೇಲೆ ವಾಟರ್ ಪೇಪರು: ನಾನೂರು, ಎಂಟುನೂರು,
ಸಾವಿರದಿನ್ನೂರು, ಎರಡು ಸಾವಿರ.
ಹಿಂದಿನ ನಂಬರಿನ ಗೀರನ್ನು ಮುಂದಿನದು ಅಡ್ಡಲಾಗಿ ಅಳಿಸಬೇಕು.
ಅವಸರಪಟ್ಟು ನಡುವಿನದೊಂದು ಬಿಟ್ಟರೆ
ಕೊನೆಯ ಹೊಳಪಿನೊಳಗೆ ಮೊದಲ ಗೀರು
ಕಾಲು ಚಾಚಿ ಕೂತಿರುತ್ತದೆ.

ವಾರದ ಆರು ದಿನ ನಾನು ಹಲ್ಲಿನ ಸೆಟ್ಟು ಮಾಡುವವನು.
ಡಾಕ್ಟರಲ್ಲ. ಡಾಕ್ಟರು ಅಳತೆ ಕಳಿಸುತ್ತಾರೆ,
ನಾನು ಬಾಯಿ ಮಾಡುತ್ತೇನೆ.
(ಈ ಮಾತಿಗೆ ನಮ್ಮ ಮನೆಯಲ್ಲಿ ಬೇರೆ ಅರ್ಥವಿದೆ.)
ಡ್ರಿಲ್ಲಿಗೆ ಸಿಕ್ಕಿಸಿದ ಈ ಫೆಲ್ಟಿನ ಚಕ್ರ
ಲ್ಯಾಬಿನದೇ; ನಾಳೆ ಬೆಳಿಗ್ಗೆ ವಾಪಸು ಇಡಬೇಕು.

ಬಟ್ಟೆ ಕಪ್ಪಾಗುತ್ತದೆ. ಇನ್ನೊಂದು ಬಟ್ಟೆ. ಅದೂ.
ಹೊಸಬರು ಮೋಸ ಹೋಗುವುದು ಇಲ್ಲೇ,
ಕೊಳೆ ಇನ್ನೂ ಇದೆಯೆಂದು ಉಜ್ಜುತ್ತಲೇ ಇರುತ್ತಾರೆ.
ಕೊಳೆ ಯಾವಾಗಲೋ ಹೋಯಿತು.
ಈ ಕಪ್ಪು ಲೋಹದ್ದೇ.
ಬೆಳ್ಳಗಿನದು ಕಪ್ಪಾಗಿಯೇ ತನ್ನನ್ನು ಬಿಟ್ಟುಕೊಡುತ್ತದೆ.
ಹೊಳೆದಷ್ಟೂ ಗಾಡಿ ಒಂದು ಕೂದಲೆಳೆ ಕಡಿಮೆಯಾಗಿ
ನನ್ನ ಹರಿದ ಬನಿಯನ್ನಿಗೆ ಜಮೆಯಾಗುತ್ತದೆ.

ಎಂಟುನೂರರ ಹೊತ್ತಿಗೆ ಎಡ ಕವರಿನ ಅಂಚಿನಲ್ಲಿ,
ಸ್ಕ್ರೂ ತೂತಿನ ಪಕ್ಕ,
ಪಂಚಿನಿಂದ ಹೊಡೆದ ಮೂರು ಚುಕ್ಕಿ ಎದ್ದವು.
ಯಾವನೋ ಮೇಸ್ತ್ರಿ ಒಂದೇ ದಿನ ಹಲವು ಎಂಜಿನ್ನು ಬಿಚ್ಚಿದಾಗ
ಅದಲುಬದಲಾಗದಿರಲೆಂದು ಹಾಕಿದ್ದು.
ಬಲದ್ದನ್ನು ಬೆಳಕಿಗೆ ತಿರುಗಿಸಿದೆ.
ಐದು.

ಅದಕ್ಕೇ ಬೆಳಗಿನಿಂದ ಒಂದು ಅಕ್ಕಿ ತೊಳೆದ ನೀರಿನ ಬಿಳುಪಿಗೆ,
ಇನ್ನೊಂದು ಚಾಕುವಿನ ನೀಲಿಗೆ ತಿರುಗುತ್ತಿತ್ತು;
ನನ್ನ ಕೈಯದೇ ತಪ್ಪೆಂದು ಎರಡೆರಡು ಸಲ ತೀಡಿದ್ದೆ.
‘ಒಂದು ನಟ್ಟೂ ಬದಲಾಗಿಲ್ಲ ಸಾರ್, ಬೇಕಾದ್ರೆ ಆಣೆ’
ಅಂದಿದ್ದರು ಗುಟ್ಟಹಳ್ಳಿಯ ದೊರೆಸ್ವಾಮಿ.
ಅವರಿಗೂ ಗೊತ್ತಿರಲಿಕ್ಕಿಲ್ಲ ಪಾಪ.

ಈ ಊರಿನಲ್ಲೇ ಎಲ್ಲೋ ಇನ್ನೊಂದು ಜೋಡಿ
ಎಡಕ್ಕೆ ಐದು, ಬಲಕ್ಕೆ ಮೂರು ಹೊತ್ತು ಓಡುತ್ತಿರಬೇಕು.
ಅಥವಾ ಗುಜರಿಗೆ ಬಿದ್ದು, ಕರಗಿ,
ಯಾರದೋ ಇಡ್ಲಿ ಪಾತ್ರೆಯಾಗಿ ಹಬೆ ಬಿಡುತ್ತಿರಬೇಕು.

ಇದನ್ನು ಜೋರಾಗಿ ಹೇಳಬಾರದಿತ್ತು.
‘ಪಾತ್ರೆ ಅಂದ್ರಾ?’ ಮೇಲಿನಿಂದ ನಾಗವೇಣಿ,
‘ನಂದೂ ಒಂದಿದೆ, ಒಳಗೆಲ್ಲ ಕಪ್ಪು.
ಆ ಪೇಸ್ಟು ಇದಕ್ಕಾಗಲ್ವಾ?’
ಅದಕ್ಕೆ ಹುಣಸೆಹಣ್ಣೇ ಸಾಕು ಕಣೇ, ಅಂದೆ.
ಪಾತ್ರೆ ಇಳಿದು ಬಂತು. ಹುಣಸೆಹಣ್ಣೂ.

ಕಳೆದ ತಿಂಗಳು ಕೆಂಪರಾಜಯ್ಯನವರೆಂದು ಒಬ್ಬರು,
ಕೆಳಗಿನ ಸೆಟ್ಟು ಹಳೆಯದೇ ಇರಲಿ, ಮೇಲಿನದಷ್ಟೇ ಸಾಕೆಂದರು.
‘ತೀರಾ ಬೆಳ್ಳಗೆ ಮಾಡಬೇಡಪ್ಪ, ನಮ್ಮ ನಾಯಿ ಬೊಗಳುತ್ತೆ.’
ಒಂದು ಚಿಟಿಕೆ ಹಳದಿ ಬೆರೆಸಿ ಕೂಡಿಸಿಕೊಟ್ಟೆ.
ಬಾಯಿಯಾದರೆ ಕೂಡಿಸಲೇಬೇಕು,
ಚಕ್ಕುಲಿ ಕಡಿಯುವಾಗ ಎಲ್ಲ ಗೊತ್ತಾಗಿಬಿಡುತ್ತದೆ.

ಇವೆರಡು ಒಂದನ್ನೊಂದು ನೋಡಿದ್ದೇ ಇಲ್ಲ.
ನಡುವೆ ಎಂಜಿನ್ನಿದೆ.
ರಸ್ತೆಬದಿ ನಿಂತವರಿಗೂ
ಸಲಕ್ಕೆ ಒಂದೇ ಮಗ್ಗುಲು.
ಇಷ್ಟು ವರ್ಷ ಹೀಗೇ ಬಂದಿವೆ, ಜೊತೆಗೆ.

ನೀಲಿಯದು ನೀಲಿಯಾಗಿರಲಿ ಎಂದು ಡ್ರಿಲ್ಲು ಆರಿಸಿದೆ.
ಚುಕ್ಕಿಗಳ ಗುಳಿಯಲ್ಲಿ ಪೇಸ್ಟು ಒಣಗಿ ಬೆಳ್ಳಗೆ ಕೂತಿದೆ.
ಬಟ್ಟೆಗೆ ಸಿಗುವುದಿಲ್ಲ, ಬೆಂಕಿಕಡ್ಡಿಯೇ ಬೇಕು.
ಒಂದು. ಎರಡು.
ಮೂರನೆಯದು ಸ್ವಲ್ಪ ಆಳ,
ಮೇಸ್ತ್ರಿಯ ಸುತ್ತಿಗೆ ಜೋರಾಗಿ ಬಿದ್ದಿದೆ.